ಹಾರುವ ದೂರ, ಮುಟ್ಟುವ ಹೊತ್ತು

“ಎಷ್ಟು ದೂರ?” ಎಂದು ಕೇಳಿದರೆ ನಮ್ಮ ಹಿರಿಯರು ಅಂಕಿಯಲ್ಲಿ ಉತ್ತರ ಕೊಡುತ್ತಿದ್ದುದು ಕಡಿಮೆ. ಊರಂಚಿನ ಹೊಲ ಕೂಗಳತೆಯಲ್ಲಿತ್ತು. ನೆರೆಯ ಹಳ್ಳಿ ಹರದಾರಿಯ ಮೇಲಿತ್ತು. ಹರದಾರಿಯೆಂದರೆ ಸುಮಾರು ಮೂರು ಮೈಲಿಯೆಂದು ನಿಘಂಟು ಹೇಳುತ್ತದೆ. ಆದರೆ ತಲೆಯ ಮೇಲೆ ಬುತ್ತಿಯ ಗಂಟನ್ನಿಟ್ಟುಕೊಂಡು ನಡೆದವಳಿಗೆ ಅದು ಮೈಲಿಯಾಗಿರಲಿಲ್ಲ, ಹೊತ್ತಾಗಿತ್ತು. ನಸುಕಿನಲ್ಲಿ ಹೊರಟರೆ ಬಿಸಿಲೇರುವ ಮುನ್ನ ಮುಟ್ಟುವ ಊರು. ಮಧ್ಯಾಹ್ನದ ಬುತ್ತಿಯನ್ನು ದಾರಿಯ ಹಳ್ಳದ ದಂಡೆಯಲ್ಲಿ ಬಿಚ್ಚಬೇಕಾದ ಊರು. ನಡುವೆ ಒಂದು ರಾತ್ರಿ ವಸ್ತಿ ಮಾಡಿಯೇ ಹೋಗಬೇಕಾದ ಊರು—ಹೀಗೆ ದೂರವನ್ನೂ ಕಾಲವನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ರೂಢಿ ಅಂದಿನದು.

ಇಂದು ಅವೆರಡೂ ಬೇರೆಬೇರೆಯಾಗಿವೆ. ದೂರವನ್ನು ಕಿಲೋಮೀಟರುಗಳಲ್ಲಿ ಹೇಳುತ್ತೇವೆ, ಕಾಲವನ್ನು ನಿಮಿಷಗಳಲ್ಲಿ. ಹುಬ್ಬಳ್ಳಿಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಎಷ್ಟು ದೂರವೆಂದು ಯಾವ ವಿದ್ಯಾರ್ಥಿಯನ್ನಾದರೂ ಕೇಳಿರಿ, ಕ್ಷಣಮಾತ್ರದಲ್ಲಿ ಲೆಕ್ಕ ಒಪ್ಪಿಸುತ್ತಾನೆ: ಸುಮಾರು 370 ಕಿಲೋಮೀಟರು, ಪ್ರಯಾಣಕ್ಕೆ ಒಂದು ತಾಸು, ಅದರ ಮೇಲೆ ಕೆಲವು ನಿಮಿಷ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕ ಎಲ್ಲಿಂದ ಮೊದಲಾಗುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ವಿಚಾರಿಸಿ ನೋಡಿದರೆ ಇದರೊಳಗೊಂದು ಸೂಕ್ಷ್ಮವಿರುವುದು ಕಂಡುಬರುತ್ತದೆ. ಆ ಸೂಕ್ಷ್ಮ ಬೆಂಗಳೂರಿನಲ್ಲಿ ಕುಳಿತವರಿಗೆ ಅಷ್ಟಾಗಿ ತಿಳಿಯದು. ನರಗುಂದ, ರೋಣ, ಗಜೇಂದ್ರಗಡಗಳ ಕಡೆಯಿಂದ ಬೆಂಗಳೂರಿನತ್ತ ಮುಖ ಮಾಡಿ ನಿಂತವರಿಗೆ ಚೆನ್ನಾಗಿ ತಿಳಿದಿದೆ.

ಒಂದೇ ಗೆರೆಯ ಮೂರು ಊರುಗಳು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ರೂಪುಗೊಂಡ ಗದಗ ಜಿಲ್ಲೆಯ ಉತ್ತರದಂಚಿನಲ್ಲಿ ಈ ಮೂರು ಊರುಗಳಿವೆ. ನಕಾಶೆಯನ್ನು ಬಿಡಿಸಿ ನೋಡಿದರೆ ಒಂದು ಕೌತುಕ ಕಣ್ಣಿಗೆ ಬೀಳುತ್ತದೆ. ಪಡುವಲಲ್ಲಿ ನರಗುಂದ, ನಡುವೆ ರೋಣ, ಮೂಡಲಲ್ಲಿ ಗಜೇಂದ್ರಗಡ. ಮೂರೂ ಸರಿಸುಮಾರು ಒಂದೇ ಅಕ್ಷಾಂಶದ ಮೇಲೆ, ದಾರಕ್ಕೆ ಪೋಣಿಸಿದ ಹಾಗೆ ಕುಳಿತಿವೆ. ನರಗುಂದದಿಂದ ಗಜೇಂದ್ರಗಡಕ್ಕೆ ನೆಟ್ಟಗೆ ಗೆರೆಯೆಳೆದರೆ ಅದರ ಉದ್ದ 63 ಕಿಲೋಮೀಟರಿನ ಆಸುಪಾಸು. ರೋಣ ಆ ಗೆರೆಗೆ ಸ್ವಲ್ಪವೇ ಕೆಳಗೆ.

ಈ ಗೆರೆಯ ಮೇಲೆ ಸೂರ್ಯನಿಗೂ ಪ್ರಯಾಣವುಂಟು. ಭೂಮಿಯ ತಿರುಗುವಿಕೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಆದುದರಿಂದ ಗಜೇಂದ್ರಗಡದ ಗುಡ್ಡದ ಮೇಲಿನ ಕಾಲಕಾಲೇಶ್ವರನ ಗುಡಿಗೆ ನಡುಹಗಲು ಬಂದು ಎರಡು ನಿಮಿಷ ಕಳೆದ ಮೇಲೆಯೇ ಅದು ನರಗುಂದದ ಕೋಟೆಯ ಗುಡ್ಡವನ್ನು ಮುಟ್ಟುತ್ತದೆ. ತಾಸಿಗೆ 500 ಕಿಲೋಮೀಟರು ಹಾರುವ ವಿಮಾನವೊಂದು ಇದೇ ದೂರವನ್ನು ದಾಟಲು ಏಳೆಂಟು ನಿಮಿಷ ತೆಗೆದುಕೊಂಡೀತು. ಬಸ್ಸಿಗೆ ಎರಡು ತಾಸಿಗೂ ಮೇಲೆ ಬೇಕು. ಮಳೆಗಾಲದಲ್ಲಿ ನರಗುಂದಕ್ಕೂ ರೋಣಕ್ಕೂ ನಡುವೆ ಹರಿಯುವ ಬೆಣ್ಣೆಹಳ್ಳ ಉಕ್ಕಿ ಬಂದಿತೆಂದರೆ ಆ ದಿನದ ಲೆಕ್ಕವೇ ಬೇರೆ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಅದು ಕರಗುವ ತನಕ ಪ್ರಯಾಣಿಕನು ದಂಡೆಯ ಮೇಲೆ ಕಾಯಬೇಕು.

ಇತಿಹಾಸದಲ್ಲಿ ಇನ್ನೂ ನಿಧಾನವಾದ ಪ್ರಯಾಣವೊಂದಿದೆ. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದದ ಕೋಟೆಗೆ ಮುತ್ತಿಗೆ ಹಾಕಿದುದರಿಂದ ಮೈಸೂರಿಗೂ ಮರಾಠರಿಗೂ ಹತ್ತಿಕೊಂಡ ಯುದ್ಧ ಕೊನೆಗೊಂಡುದು 1787ರ ಗಜೇಂದ್ರಗಡದ ಒಪ್ಪಂದದಿಂದ. ನರಗುಂದದಲ್ಲಿ ಹೊರಟ ಕಲಹ 63 ಕಿಲೋಮೀಟರು ದಾಟಿ ಗಜೇಂದ್ರಗಡದ ಶಾಂತಿಯನ್ನು ಮುಟ್ಟಲು ಎರಡು ವರ್ಷಗಳೇ ಹಿಡಿದುವು. ದೂರವೊಂದೇ, ಅದನ್ನು ಸೂರ್ಯ ನಿಮಿಷಗಳಲ್ಲಿ ದಾಟಿದರೆ ಮನುಷ್ಯ ಒಮ್ಮೆ ತಾಸುಗಳಲ್ಲಿ, ಒಮ್ಮೆ ವರ್ಷಗಳಲ್ಲಿ ದಾಟುತ್ತಾನೆ.

ನೂರೆಂಟರಲ್ಲಿ ಒಂದು ಪಾಲು

ಇನ್ನು ಆಕಾಶದ ದೂರವನ್ನು ಅಳೆಯುವ ಬಗೆಯನ್ನು ನೋಡೋಣ. ಭೂಮಿ ದುಂಡಗಿರುವುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತಿ ಸಮೀಪದ ದಾರಿ ಒಂದು ಕಮಾನಿನಂತಿರುತ್ತದೆ. ಭೂಮಿಯ ಕೇಂದ್ರವೇ ತನ್ನ ಕೇಂದ್ರವಾಗಿರುವ ದೊಡ್ಡ ವೃತ್ತದ ಒಂದು ತುಣುಕು ಅದು. ಗಣಿತಜ್ಞರು ಇದನ್ನು ಮಹಾವೃತ್ತವೆನ್ನುತ್ತಾರೆ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳು ಗೊತ್ತಿದ್ದರೆ ಪ್ರೌಢಶಾಲೆಯ ತ್ರಿಕೋನಮಿತಿಯಿಂದಲೇ ಈ ದೂರಕ್ಕೆ ಹತ್ತಿರದ ಲೆಕ್ಕವೊಂದನ್ನು ಹಾಕಬಹುದು. ಹುಬ್ಬಳ್ಳಿಯಿಂದ ದೇವನಹಳ್ಳಿಯ ನಿಲ್ದಾಣ ದಕ್ಷಿಣಕ್ಕೆ ಸುಮಾರು 240 ಕಿಲೋಮೀಟರು, ಪೂರ್ವಕ್ಕೆ ಸುಮಾರು 283 ಕಿಲೋಮೀಟರು. ಪೈಥಾಗೊರಸನ ಸೂತ್ರಕ್ಕೆ ಇವೆರಡನ್ನೂ ಒಪ್ಪಿಸಿದರೆ ಕರ್ಣದ ಉದ್ದ 370ರ ಸುತ್ತ ಬರುತ್ತದೆ. ಇಷ್ಟು ಚಿಕ್ಕ ದೂರದಲ್ಲಿ ಭೂಮಿಯ ಬಾಗು ಲೆಕ್ಕವನ್ನು ಹೆಚ್ಚು ಕೆಡಿಸದು.

ವೈಮಾನಿಕರು ಕಿಲೋಮೀಟರಿಗೆ ಬದಲಾಗಿ ನಾಟಿಕಲ್ ಮೈಲಿಯನ್ನು ಬಳಸುತ್ತಾರೆ. ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಿನಷ್ಟು ಭೂಮಿಯ ಬಾಗಿಗೆ ಒಂದು ನಾಟಿಕಲ್ ಮೈಲಿ. ಅದರ ನಿಗದಿಯಾದ ಉದ್ದ 1852 ಮೀಟರು. ಈ ಅಳತೆಯಲ್ಲಿ ಹುಬ್ಬಳ್ಳಿ-ಬೆಂಗಳೂರುಗಳ ದೂರ ಹೆಚ್ಚುಕಡಿಮೆ 200 ಮೈಲಿ. ಭೂಮಿಯ ಸುತ್ತಳತೆಯನ್ನು ನೂರೆಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲು ಇಷ್ಟೇ ಬರುತ್ತದೆ. ಲೋಕವೆಂಬ ಜಪಮಾಲೆಯಲ್ಲಿ ಇದು ಒಂದು ಮಣಿ ಸರಿಸಿದಷ್ಟು ದಾರಿ.

ದೂರ ತಿಳಿಯಿತು, ವೇಗದಿಂದ ಭಾಗಿಸಿದರೆ ಕಾಲ ದೊರೆಯಬೇಕಲ್ಲವೆ? ಇಲ್ಲಿಯೇ ಗಣಿತ ಮೊದಲ ಬಾರಿಗೆ ಎಡವುತ್ತದೆ. ಪಂಖವಿರುವ ಎ.ಟಿ.ಆರ್. ವಿಮಾನದ ವೇಗ ತಾಸಿಗೆ ಸುಮಾರು 500 ಕಿಲೋಮೀಟರು; ಅದರ ಪ್ರಕಾರ 45 ನಿಮಿಷ ಸಾಕು. ಜೆಟ್ ವಿಮಾನದ ವೇಗ ತಾಸಿಗೆ 800 ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಅರ್ಧ ತಾಸು ಸಾಕು. ಆದರೆ ವೇಳಾಪಟ್ಟಿಯಲ್ಲಿ ಅಚ್ಚಾಗಿರುವುದು ಒಂದು ತಾಸಿಗೂ ಮೇಲೆ. ಇದಕ್ಕೆ ಕಾರಣಗಳುಂಟು. ವೇಳಾಪಟ್ಟಿಯ ಕಾಲ ವಿಮಾನ ನೆಲ ಬಿಟ್ಟಾಗ ಮೊದಲಾಗುವುದಿಲ್ಲ. ನಿಂತ ಸ್ಥಳದಿಂದ ಕದಲಿದಾಗ ಮೊದಲಾಗಿ, ಇನ್ನೊಂದು ನಿಲ್ದಾಣದಲ್ಲಿ ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟಾಗ ಮುಗಿಯುತ್ತದೆ. ಓಡುಹಾದಿಯ ತುದಿಗೆ ಉರುಳಿಕೊಂಡು ಹೋಗಬೇಕು. ಮುಂದಿರುವ ವಿಮಾನಗಳ ಸರದಿ ಮುಗಿಯಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣವೇಗವಿರದು. ವಿಮಾನ ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಆದಕಾರಣ ಪೂರ್ವಕ್ಕೆ ಹೋಗಬೇಕಾದುದು ಪಡುವಣ ಗಾಳಿಯ ದಿನ ಮೊದಲು ಪಶ್ಚಿಮಕ್ಕೆ ಹಾರಿ, ಬಳಿಕ ತಿರುಗಿಕೊಳ್ಳಬೇಕಾಗುತ್ತದೆ. ಚಿಕ್ಕ ಪ್ರಯಾಣಗಳಲ್ಲಿ ಇಂಥ ಸಿದ್ಧತೆಯ ಕಾಲವೇ ಹಾರಾಟದ ಕಾಲದೊಡನೆ ಪೈಪೋಟಿಗಿಳಿಯುತ್ತದೆ.

ಇದೆಲ್ಲ ನಿಲ್ದಾಣದ ಬೇಲಿಯೊಳಗಿನ ಮಾತು. ಬೇಲಿಯ ಹೊರಗಿನ ಮಾತನ್ನು ಆಡುವ ಮುನ್ನ, ಆಕಾಶಯಾನಕ್ಕೂ ಈ ನೆಲಕ್ಕೂ ಇರುವ ನಂಟನ್ನು ತುಸು ನೆನೆಯಬೇಕು.

ತಲೆಯ ಮೇಲಿನಿಂದ ಹೋದ ಟಪಾಲು

ಭಾರತದ ವಿಮಾನ ಟಪಾಲಿನ ಚರಿತ್ರೆಯಲ್ಲಿ 1932ರ ಅಕ್ಟೋಬರ್ 15 ಪ್ರಸಿದ್ಧವಾದ ದಿನ. ಅಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಹಾದು ಮುಂಬಯಿಗೆ ಒಂದು ಚಿಕ್ಕ ವಿಮಾನದಲ್ಲಿ ಕಾಗದದ ಚೀಲಗಳನ್ನು ತಂದರು. ಅಲ್ಲಿಂದ ಮುಂದೆ ಮದರಾಸಿಗೆ ಅವನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಈ ಎರಡನೆಯ ಹಾದಿಯ ನಡುವಣ ತಂಗುದಾಣ ನಮ್ಮ ಬಳ್ಳಾರಿ. ಮುಂಬಯಿಯಿಂದ ಬಳ್ಳಾರಿಗೆ ನಕಾಶೆಯ ಮೇಲೆ ನೇರಗೆರೆ ಎಳೆದರೆ ಅದು ಗಜೇಂದ್ರಗಡದಿಂದ ಈಶಾನ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರಿನ ಅಂತರದಲ್ಲಿ ಹಾದುಹೋಗುತ್ತದೆ. ದೇಶದ ವಿಮಾನಯುಗ ಕಣ್ದೆರೆದಾಗಲೇ ಅದರ ದಾರಿ ಈ ಸೀಮೆಯ ಮಗ್ಗುಲಲ್ಲಿತ್ತು. ಆದರೆ ಆ ಚೀಲದೊಳಗಿನ ಕಾಗದ ಈ ಸೀಮೆಯವರದಾಗಿದ್ದರೂ ಅದು ಬಳ್ಳಾರಿಯಲ್ಲಿಳಿದು, ಮರಳಿ ನೆಲದ ಹಾದಿ ಹಿಡಿದು ಬರಬೇಕಿತ್ತು.

ಕಾಗದದ ಬಳಿಕ ಮನುಷ್ಯನ ಸರದಿ ಬರಲು ಬಹುಕಾಲ ಹಿಡಿಯಿತು. ಸಾಮಾನ್ಯ ಗೃಹಸ್ಥನೂ ವಿಮಾನ ಹತ್ತಬಹುದೆಂಬ ಭಾವನೆ ನಮ್ಮ ನಾಡಿನಲ್ಲಿ ಮೂಡಿದುದು 2003ರಲ್ಲಿ. ಗೊರೂರಿನಲ್ಲಿ ಬೆಳೆದು, ಸೈನ್ಯದಲ್ಲಿದ್ದು, ಮುಂದೆ ಬೇಸಾಯಕ್ಕೆ ಕೈಹಾಕಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಕಡಿಮೆ ದರದ ಏರ್ ಡೆಕ್ಕನ್ ಸಂಸ್ಥೆಯನ್ನು ಆ ವರ್ಷ ಹಾರಾಟಕ್ಕೆ ಬಿಟ್ಟಾಗ ಅವರು ಆರಿಸಿಕೊಂಡ ಮೊದಮೊದಲ ಹಾದಿಗಳಲ್ಲಿ ಹುಬ್ಬಳ್ಳಿ-ಬೆಂಗಳೂರು ಒಂದು. ಮುಂದೆ ಹುಬ್ಬಳ್ಳಿಯ ಓಡುಹಾದಿ ದೊಡ್ಡ ವಿಮಾನಗಳು ಇಳಿಯುವಷ್ಟು ಉದ್ದವಾಯಿತು. 2017ರಲ್ಲಿ ಹೊಸ ನಿಲ್ದಾಣದ ಕಟ್ಟಡವೂ ಎದ್ದಿತು. ಬೆಂಗಳೂರಿನಲ್ಲಿ ಮಾತ್ರ ಒಂದು ವಿಪರ್ಯಾಸ ನಡೆಯಿತು. 2008ರ ಮೇ ತಿಂಗಳಲ್ಲಿ ನಗರದೊಳಗಿನ ಹಳೆಯ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಂಡುವು. ಓಡುಹಾದಿ ದೊಡ್ಡದಾಯಿತು, ವಿಮಾನಗಳು ಹೆಚ್ಚಿದುವು. ಆದರೆ ಇಳಿದವನಿಗೆ ಊರೊಳಗಿನ ಮನೆ ಮೂವತ್ತು-ನಾಲ್ವತ್ತು ಕಿಲೋಮೀಟರು ದೂರವಾಯಿತು.

ಹಿಂದಕ್ಕೆ ನಡೆದು ಮುಂದಕ್ಕೆ ಹಾರುವುದು

ಈಗ ಬೇಲಿಯ ಹೊರಗಿನ ಲೆಕ್ಕಕ್ಕೆ ಬರೋಣ. ಗಜೇಂದ್ರಗಡದಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನೇರವಾಗಿ ಗೆರೆ ಎಳೆದರೆ ಅದು ಸುಮಾರು 337 ಕಿಲೋಮೀಟರು. ಹುಬ್ಬಳ್ಳಿಯ ನಿಲ್ದಾಣದಿಂದಾದರೋ 370. ಅಂದರೆ ಗಜೇಂದ್ರಗಡ ಹುಬ್ಬಳ್ಳಿಗಿಂತ ಬೆಂಗಳೂರಿಗೆ ಹತ್ತಿರ! ರೋಣವೂ ಹಾಗೆಯೇ, ಅದು ಸುಮಾರು 350. ನರಗುಂದ ಮಾತ್ರ ಹುಬ್ಬಳ್ಳಿಯಷ್ಟೇ ದೂರ. ಹೀಗಿದ್ದೂ ಗಜೇಂದ್ರಗಡದವನು ವಿಮಾನ ಹತ್ತಬೇಕಾದರೆ ಮೊದಲು ಹುಬ್ಬಳ್ಳಿಗೆ ಹೋಗಬೇಕು. ಅವನು ಸೇರಬೇಕಾದ ಊರಿರುವುದು ಆಗ್ನೇಯಕ್ಕೆ; ಅವನು ಮುಖ ಮಾಡಬೇಕಾದುದು ನೈರುತ್ಯಕ್ಕೆ. ನೂರಕ್ಕೂ ಹೆಚ್ಚು ಕಿಲೋಮೀಟರು ನೆಲದ ಮೇಲೆ ಸಾಗಿ, ಬೆಂಗಳೂರಿನಿಂದ ಇನ್ನಷ್ಟು ದೂರ ಸರಿದು, ಅಲ್ಲಿಂದ ಹಾರಿ, ಬಿಟ್ಟುಬಂದ ದೂರವನ್ನೂ ಸೇರಿಸಿ ದಾಟಬೇಕು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಬಳಿಯಲ್ಲೊಂದು ವಿಮಾನ ನಿಲ್ದಾಣವಿದೆ; ನೇರಗೆರೆಯಲ್ಲಿ ಅದೂ ತೊಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ.

ಈ ನೆಲದ ಪ್ರಯಾಣವನ್ನು ಒಮ್ಮೆ ಮನಸ್ಸಿನಲ್ಲಿಯೇ ಮಾಡಿ ನೋಡಿರಿ. ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಲ್ಲಿಯೇ ರೆಕ್ಕೆ ಬೀಸುತ್ತಿರುತ್ತವೆ. ಅವುಗಳನ್ನು ಬೆನ್ನಿಗೆ ಹಾಕಿ ಬಸ್ಸು ನರೇಗಲ್ಲು, ಕೋಟುಮಚಗಿಗಳ ಎರೆಭೂಮಿಯ ನಡುವೆ ಗದಗಕ್ಕೆ ಬರುತ್ತದೆ. ಅಲ್ಲಿ ಇಳಿದು ಇನ್ನೊಂದು ಬಸ್ಸನ್ನು ಹಿಡಿದು ಅಣ್ಣಿಗೇರಿಯ ಮೇಲೆ ಹಾದು ಹುಬ್ಬಳ್ಳಿ. ವಿಮಾನ ನಿಲ್ದಾಣವಾದರೋ ಹುಬ್ಬಳ್ಳಿಯ ಪಡುವಣ ತುದಿಯ ಗೋಕುಲ ರಸ್ತೆಯಲ್ಲಿದೆ. ಮೂಡಣದಿಂದ ಬಂದವನು ಇಡೀ ಪಟ್ಟಣವನ್ನು ದಾಟಿ ಹೋಗಬೇಕು. ಈ ಬಸ್ಸುಗಳನ್ನು ಓಡಿಸುವ ಸಂಸ್ಥೆಯ ಹೆಸರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ವಾಯವ್ಯವೆಂದರೆ ವಾಯುವಿನ ದಿಕ್ಕು ತಾನೆ? ಹೆಸರಿನ ಮಟ್ಟಿಗೆ ನಮ್ಮ ಜನರ ವಾಯುಯಾನ ಮನೆಯ ಮುಂದಿನ ಬಸ್ಸಿನಿಂದಲೇ ಆರಂಭವಾಗುತ್ತದೆಯೆನ್ನಲು ಅಡ್ಡಿಯಿಲ್ಲ.

ಕೂಡಿಸಿ ನೋಡೋಣ. ಮನೆಯಿಂದ ನಿಲ್ದಾಣಕ್ಕೆ ಮೂರು ತಾಸು. ಬಸ್ಸು ಬದಲಿಸುವಲ್ಲಿ ಕಾದರೆ ಇನ್ನೂ ಹೆಚ್ಚು. ವಿಮಾನ ಹೊರಡುವುದಕ್ಕೆ ಒಂದೂವರೆ ತಾಸಾದರೂ ಮೊದಲು ಅಲ್ಲಿರಬೇಕು. ಹಾರಾಟಕ್ಕೆ ಒಂದು ತಾಸಿನ ಮೇಲೆ ಕೆಲವು ನಿಮಿಷ. ಇಳಿದು, ಪೆಟ್ಟಿಗೆ ಪಡೆದು ಹೊರಬರಲು ಅರ್ಧ ತಾಸು. ದೇವನಹಳ್ಳಿಯಿಂದ ಬೆಂಗಳೂರಿನೊಳಗಿನ ಮನೆಗೆ ಒಂದೂವರೆ ತಾಸು. ಒಟ್ಟು ಏಳೂವರೆ, ಎಂಟು ತಾಸು. ಅತ್ತ, ಸಂಜೆ ಊಟ ಮುಗಿಸಿ ಗಜೇಂದ್ರಗಡದಲ್ಲಿ ನೇರ ಬಸ್ಸು ಹತ್ತಿ ಕಣ್ಣು ಮುಚ್ಚಿದವನು ನಾನೂರು ಕಿಲೋಮೀಟರಿನಷ್ಟು ದಾರಿಯನ್ನು ನಿದ್ದೆಯಲ್ಲಿ ಕಳೆದು ಬೆಳಗಿನಲ್ಲಿ ಬೆಂಗಳೂರಿನಲ್ಲಿ ಇಳಿಯುತ್ತಾನೆ. ಅವನಿಗೂ ಎಂಟೊಂಬತ್ತು ತಾಸು. ಒಂದು ತಾಸಿನ ವಿಮಾನವೂ ಒಂದು ರಾತ್ರಿಯ ಬಸ್ಸೂ ಕೊನೆಯಲ್ಲಿ ಸರಿಸಮಕ್ಕೆ ಬಂದು ನಿಲ್ಲುತ್ತವೆ. ನರಗುಂದದವನ ಪಾಡು ಇಷ್ಟು ಕಠಿಣವಲ್ಲ; ನವಲಗುಂದದ ಮೇಲೆ ಹುಬ್ಬಳ್ಳಿ ಅವನಿಗೆ ಒಂದೂವರೆ ತಾಸಿನ ದಾರಿ. ರೋಣದವನು ಇಬ್ಬರ ನಡುವೆ. ಒಂದೇ ಗೆರೆಯ ಮೇಲಿನ ಮೂರು ಊರುಗಳಿಗೆ ಒಂದೇ ವಿಮಾನ ಮೂರು ಬಗೆಯಾಗಿ ದೂರ.

ದೂರದೇಶದಿಂದ ಬರುವವನ ಲೆಕ್ಕ ಇನ್ನೂ ಸೋಜಿಗದ್ದು. 2021ರ ಜನವರಿಯಲ್ಲಿ ಮಹಿಳಾ ವೈಮಾನಿಕರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಬಳಿಯಿಂದ ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿತು. ದೂರ ಸುಮಾರು 14,000 ಕಿಲೋಮೀಟರು, ಕಾಲ ಸುಮಾರು 17 ತಾಸು. ತಾಸಿಗೆ 800 ಕಿಲೋಮೀಟರಿಗೂ ಮೇಲೆ. ಅಂಥ ವೇಗದಲ್ಲಿ ಅರ್ಧಲೋಕವನ್ನು ದಾಟಿ ಬಂದವನು ಗಜೇಂದ್ರಗಡದವನಾಗಿದ್ದರೆ, ಹುಬ್ಬಳ್ಳಿಯಲ್ಲಿ ಇಳಿದ ಬಳಿಕ ಅವನ ವೇಗ ತಾಸಿಗೆ 40 ಕಿಲೋಮೀಟರು. ಲೋಕ ಕಿರಿದಾಗಿದೆಯೆಂಬ ಮಾತು ನಿಜ. ಆದರೆ ಅದು ಎಲ್ಲ ಕಡೆಯೂ ಒಂದೇ ಸಮನಾಗಿ ಕಿರಿದಾಗಿಲ್ಲ.

ಎರಡು ವಿಮಾನಗಳು

ಇದಿಷ್ಟೂ ಅನುಕೂಲ ಅನನುಕೂಲಗಳ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಹೊತ್ತಿನ ಬೆಲೆ ತಿಳಿಯುವ ದಿನಗಳು ಬೇರೆ ಇವೆ. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ನಸುಕಿನಲ್ಲಿ ಗಜೇಂದ್ರಗಡದಲ್ಲಿ ನನಗೆ ಪರಿಚಿತರಾಗಿದ್ದ ವೃದ್ಧರೊಬ್ಬರು ತೀರಿಕೊಂಡರು. ಮಗನೂ ಮಗಳೂ ಇದ್ದುದು ಬೆಂಗಳೂರಿನಲ್ಲಿ. ಸುದ್ದಿ ತಿಳಿದೊಡನೆ ಮಗಳು, ಅಳಿಯ ಸಿಕ್ಕ ಮೋಟಾರು ಮಾಡಿಕೊಂಡು ಆರು ಗಂಟೆಗೆ ಹೊರಟರು. ಮಗ ಬೇಗ ಮುಟ್ಟಬೇಕೆಂದು ಹತ್ತು ಗಂಟೆಯ ವಿಮಾನಕ್ಕೆ ಟಿಕೀಟು ಪಡೆದ. ಯಾರೇ ಆಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಒಂದು ತಾಸಿನ ದಾರಿಯಲ್ಲವೆ?

ನಮ್ಮ ಕಡೆ ಸಾವಿನ ಮನೆಗೆ ಹೋಗುವುದನ್ನು “ಮಣ್ಣಿಗೆ ಹೋಗುವುದು” ಎನ್ನುತ್ತಾರೆ. ಅಂಗಳದಲ್ಲಿ ಭಜನೆ ನಡೆದಿತ್ತು. ಒಂದು ಮೂಲೆಯಲ್ಲಿ ಬಿದಿರು, ಬಾಳೆಯ ಕಂಬ, ಚೆಂಡುಹೂಗಳಿಂದ ಕೆಲವರು ವಿಮಾನ ಕಟ್ಟುತ್ತಿದ್ದರು. ಹೌದು, ಲಿಂಗವಂತರ ಮನೆಗಳಲ್ಲಿ ಮೃತರನ್ನು ಕುಳ್ಳಿರಿಸಿ ಒಯ್ಯುವ ಆ ಅಲಂಕೃತ ಮಂಟಪಕ್ಕೆ ವಿಮಾನವೆಂದೇ ಹೆಸರು. ಅದು ಹನ್ನೆರಡಕ್ಕೆ ಸಿದ್ಧವಾಯಿತು. ಮಗ ಹತ್ತಬೇಕಾದ ವಿಮಾನ ಮಾತ್ರ ದೇವನಹಳ್ಳಿಯ ಬಯಲಿನ ಮಂಜಿನಲ್ಲಿ ಇನ್ನೂ ನಿಂತೇ ಇತ್ತು. ಪುಷ್ಯಮಾಸದ ಮಂಜು, ಅದಕ್ಕಾಗಿ ಯಾರನ್ನು ದೂರುವುದು? ಎರಡು ಗಂಟೆಯ ಸುಮಾರಿಗೆ ಮಗಳ ಮೋಟಾರು ಬಾಗಿಲಿಗೆ ಬಂದಾಗ ಮಗ ಹುಬ್ಬಳ್ಳಿಯಲ್ಲಿ ಆಗತಾನೆ ನೆಲಕ್ಕಿಳಿದಿದ್ದ.

ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಆ ಹೊತ್ತಿಗೆ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಮಗ ಎಲ್ಲೀತನಕ ಬಂದಾನ?”

“ಇಮಾನದಾಗ ಬರಾಕತ್ತಾನ್ರಿ, ಅಜ್ಜಾರ. ಹುಬ್ಬಳ್ಯಾಗ ಇಳದಾನಂತ.”

“ಇಮಾನ ಅಂದ್ರ ತಾಸಿನ ದಾರಿ ಅಂತೀರಲ್ಲೋ ತಮ್ಮಾ. ಮುಂಜಾನಿಂದ ಎಷ್ಟು ತಾಸಾದುವು? ಎಷ್ಟೊತ್ತಿಗೆ ಮುಟ್ಟತಾನ, ಅದನ್ನ ಹೇಳು. ಹೊತ್ತು ಮುಳುಗೂದರೊಳಗ ಮಣ್ಣು ಆಗಬೇಕು.”

ಯಾರೂ ಉತ್ತರ ಕೊಡಲಿಲ್ಲ. ಗದಗ ದಾಟಿದ್ದಾನೆಂದು ಒಮ್ಮೆ, ನರೇಗಲ್ಲಿಗೆ ಬಂದನೆಂದು ಇನ್ನೊಮ್ಮೆ ಸುದ್ದಿ ಬಂದಿತು. ನಾಲ್ಕೂವರೆಯ ತನಕ ಕಾದರು. ಆಮೇಲೆ ವಿಮಾನವನ್ನು ಎತ್ತಿದರು. ಐದು ಗಂಟೆ ದಾಟಿದ ಮೇಲೆ ಮಗ ಬಾಡಿಗೆಯ ಮೋಟಾರಿನಿಂದಿಳಿದು ನೇರವಾಗಿ ಹೊಲದತ್ತ ಓಡಿದ. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ಕೈ ತಡೆದರು. ಅವನು ತಂದೆಯ ಪಾದ ಮುಟ್ಟಿದ. ಅಷ್ಟಕ್ಕೆ ಅವಕಾಶವಾಯಿತು. ಮುಖವನ್ನು ಬಹುಹೊತ್ತು ನೋಡುವ ಅವಕಾಶವಿರಲಿಲ್ಲ, ಹೊತ್ತು ಇಳಿಯುತ್ತಿತ್ತು.

ವಿಮಾನವೆಂಬ ಒಂದೇ ಶಬ್ದದಲ್ಲಿ ಈ ಎರಡೂ ಅಡಗಿರುವುದು ಅಂದಿನಿಂದ ನನ್ನನ್ನು ಕಾಡಿದೆ. ದೇವಾಲಯದ ಗರ್ಭಗುಡಿಯ ಮೇಲಿನ ಶಿಖರವೂ ವಿಮಾನ, ದೇವತೆಗಳ ವಾಹನವೂ ವಿಮಾನ, ಮನುಷ್ಯನ ಕಡೆಯ ಪಯಣದ ಮಂಟಪವೂ ವಿಮಾನ. ಈಗ ಇದು ನಾಲ್ಕನೆಯದು. ಪುಷ್ಪಕವಿಮಾನದ ಕತೆಯಲ್ಲಿಯೂ ಹೊತ್ತಿನ ಭಯವುಂಟು. ಹದಿನಾಲ್ಕು ವರ್ಷಗಳು ಮುಗಿದು ಮರುದಿನ ನಿನ್ನನ್ನು ಕಾಣದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಭರತನು ಚಿತ್ರಕೂಟದಲ್ಲಿ ರಾಮನಿಗೆ ಹೇಳಿದ್ದ. ಲಂಕೆಯಿಂದ ಹೊರಟ ಪುಷ್ಪಕ ದಾರಿಯಲ್ಲಿ ಸೀತೆಯ ಇಚ್ಛೆಯಂತೆ ಕಿಷ್ಕಿಂಧೆಯಲ್ಲಿ ನಿಂತಿತೆಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ; ಕಿಷ್ಕಿಂಧೆಯೆಂದು ನಮ್ಮ ಜನ ನಂಬಿರುವ ಆನೆಗೊಂದಿ ಗಜೇಂದ್ರಗಡಕ್ಕೆ ನೇರಗೆರೆಯಲ್ಲಿ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ತ್ರೇತಾಯುಗದ ವಿಮಾನ ಇಂದಿನ ವಿಮಾನಕ್ಕಿಂತ ಈ ಸೀಮೆಗೆ ಸಮೀಪವಾಗಿ ಇಳಿದಿತ್ತು! ಅದಿರಲಿ. ಮುಂದೆ ಭರದ್ವಾಜರ ಆಶ್ರಮದಲ್ಲಿ ಇಳಿದ ರಾಮನು ತಾನು ಬರುವ ಮುನ್ನ ಹನುಮಂತನನ್ನು ನಂದಿಗ್ರಾಮಕ್ಕೆ ಕಳುಹಿಸಿದ. ಮನೋವೇಗದ ವಾಹನ ಕೈಯಲ್ಲಿದ್ದರೂ, ಕಾಯುತ್ತಿರುವವನಿಗೆ ಮೊದಲು ಸುದ್ದಿ ಮುಟ್ಟಬೇಕೆಂಬ ಎಚ್ಚರ ಅವನಿಗಿತ್ತು. ಕಾಯುವವನ ಕಡೆಯಿಂದ ದೂರವನ್ನು ಅಳೆದ ಪ್ರಯಾಣಿಕ ಅವನು.

ಹೊಸ್ತಿಲಿನಿಂದ ಹೊಸ್ತಿಲಿಗೆ

ಗಜೇಂದ್ರಗಡಕ್ಕೊಂದು, ರೋಣಕ್ಕೊಂದು, ನರಗುಂದಕ್ಕೊಂದು ವಿಮಾನ ನಿಲ್ದಾಣ ಬೇಕೆಂದು ಯಾರೂ ಕೇಳಲಾರರು. ಕೇಳುವುದು ವಿವೇಕವೂ ಅಲ್ಲ. ರೋಣ ತಾಲೂಕಿನ ಹೊಳೆಆಲೂರಿನ ಮೇಲೆ ಗದಗ-ಹೊಟಗಿ ರೈಲು 1884ರಿಂದ ಓಡುತ್ತಿದೆ. ಆದರೂ ರೋಣದ ಊರಿಗೆ ರೈಲು ಬಂದಿಲ್ಲ. ಗಜೇಂದ್ರಗಡಕ್ಕೆ ಸಮೀಪದ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲು ಬಂದಿತು. ಬಹುಕಾಲ ಕಾದ ಜನ ಅದನ್ನು ನೋಡಲು ನೆರೆದರು. ದಾರಿಗಳು ಹೀಗೆ ಒಂದೊಂದಾಗಿ ಹತ್ತಿರವಾಗುತ್ತವೆ.

ಆದರೆ ಹಣ ಹೆಚ್ಚು ಬೇಡದ, ಮನಸ್ಸು ಮಾತ್ರ ಬೇಕಾದ ಕೆಲಸಗಳೂ ಇವೆ. ವಿಮಾನದ ವೇಳಾಪಟ್ಟಿಯೂ ಬಸ್ಸಿನ ವೇಳಾಪಟ್ಟಿಯೂ ಒಂದನ್ನೊಂದು ನೋಡಿಕೊಂಡು ಸಿದ್ಧವಾಗಬಹುದು. ವಿಮಾನ ಇಳಿಯುವ ಹೊತ್ತಿಗೆ ನಿಲ್ದಾಣದ ಬಾಗಿಲಿನಿಂದಲೇ ನವಲಗುಂದ, ನರಗುಂದಗಳ ಕಡೆಗೊಂದು, ಗದಗದ ಮೇಲೆ ರೋಣ, ಗಜೇಂದ್ರಗಡಗಳ ಕಡೆಗೊಂದು ಬಸ್ಸು ಹೊರಡುವಂತಾದರೆ, ಹುಬ್ಬಳ್ಳಿಯ ಪೇಟೆಯನ್ನು ದಾಟಿ, ಎರಡು ಕಡೆ ಬಸ್ಸಿಗಾಗಿ ಕಾಯುವ ಕಾಲದಲ್ಲಿ ಒಂದು ತಾಸಾದರೂ ಉಳಿದೀತು. ಆಕಾಶದಲ್ಲಿ ಒಂದು ತಾಸನ್ನು ಉಳಿಸಲು ಎಷ್ಟು ಬುದ್ಧಿ, ಎಷ್ಟು ಧನ, ಎಷ್ಟು ಸಾಹಸ ವ್ಯಯವಾಗಿದೆ! ನೆಲದ ಮೇಲೆ ಅದೇ ಒಂದು ತಾಸು ಇಷ್ಟು ಅಗ್ಗವಾಗಿ ಸಿಗುವಾಗ ಅದನ್ನು ಬಿಡುವುದೇಕೆ?

ಉಪಾಧ್ಯಾಯರಾದ ವಾಚಕರಲ್ಲಿ ಒಂದು ಬಿನ್ನಹ. ದೂರ, ವೇಗ, ಕಾಲಗಳ ಲೆಕ್ಕವನ್ನು ಮಕ್ಕಳಿಗೆ ಕೊಡುವಾಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆಯೆಂದು ಅವಶ್ಯವಾಗಿ ಕೇಳಿರಿ. ಮಹಾವೃತ್ತವನ್ನೂ ಹೇಳಿಕೊಡಿರಿ, ನೂರೆಂಟನೆಯ ಪಾಲಿನ ಚೆಲುವನ್ನೂ ತೋರಿಸಿರಿ. ಆಮೇಲೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿರಿ: ನಿನ್ನ ಮನೆಯ ಹೊಸ್ತಿಲಿನಿಂದ ಹೊರಟವರು ಅಲ್ಲಿಯ ಮನೆಯ ಹೊಸ್ತಿಲನ್ನು ಎಷ್ಟು ಹೊತ್ತಿಗೆ ಮುಟ್ಟುತ್ತಾರೆ? ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಉತ್ತರಗಳೂ ಬೇರೆಬೇರೆಯಾಗಿ ಬರುವುವು. ಅವೆಲ್ಲವೂ ಸರಿಯುತ್ತರಗಳೇ. ಕಟ್ಟೆಯ ಮೇಲೆ ಕುಳಿತಿದ್ದ ಆ ಹಿರಿಯರು ಕೇಳಿದುದೂ ಇದೇ ಲೆಕ್ಕವನ್ನು. ಎಷ್ಟು ಕಿಲೋಮೀಟರು ಎಂದು ಅವರು ಕೇಳಲಿಲ್ಲ. ಎಷ್ಟೊತ್ತಿಗೆ ಮುಟ್ಟುತ್ತಾನೆ ಎಂದಷ್ಟೇ ಕೇಳಿದರು.